ಹೆಲಿಕಾಪ್ಟರ್ ನೆಲಕ್ಕೆ ಹತ್ತಿರ ಹಾರಿದರೆ ಅಪಾಯ ಕಡಿಮೆಯೇ?

ಹೊಲದ ಮೇಲೆ ತೀರಾ ತಗ್ಗಿನಲ್ಲಿ ಹೆಲಿಕಾಪ್ಟರ್ ಹಾರುವ ವಿಡಿಯೊಗಳು ವಾಟ್ಸಾಪ್ ಗುಂಪುಗಳಲ್ಲಿ ಸದಾ ಸುತ್ತುತ್ತಿರುತ್ತವೆ. ಒಂದರಲ್ಲಿ ಹೆಲಿಕಾಪ್ಟರ್ ದನದ ಹಿಂಡನ್ನು ಅಟ್ಟುತ್ತಿರುತ್ತದೆ. ಇನ್ನೊಂದರಲ್ಲಿ ಹಣ್ಣಿನ ತೋಟದ ಮೇಲೆ ನಿಂತಲ್ಲೇ ನಿಂತು ಮರಗಳನ್ನು ಒದರುತ್ತಿರುತ್ತದೆ. ಮತ್ತೊಂದರಲ್ಲಿ ಬೆಳೆಯ ತುದಿಗೆ ತಾಗಿಯೇಬಿಟ್ಟಿತು ಎನ್ನುವಂತೆ ಔಷಧಿ ಸಿಂಪಡಿಸುತ್ತಾ ಹೋಗಿ, ಕರೆಂಟ್ ತಂತಿಯ ಅಡಿಯಲ್ಲೇ ನುಸುಳಿ ಆಚೆ ಏಳುತ್ತದೆ. ಜೊತೆಗೆ ಬರುವ ಬರಹವೂ ಹೆಚ್ಚುಕಡಿಮೆ ಒಂದೇ ಥರ: “ನೋಡಿ ವಿದೇಶದ ರೈತರ ತಾಕತ್ತು! ನೆಲಕ್ಕೆ ಹತ್ತಿರ ಇರುವುದರಿಂದ ಬಿದ್ದರೂ ಏನೂ ಆಗಲ್ಲ.”

ಮೊದಲ ವಾಕ್ಯಕ್ಕೆ ನಮ್ಮ ತಕರಾರಿಲ್ಲ. ಇಂಥ ಹಲವು ವಿಡಿಯೊಗಳು ನಿಜವಾದವೇ. ಆಸ್ಟ್ರೇಲಿಯ, ನ್ಯೂಜಿಲೆಂಡ್, ಅಮೆರಿಕದಲ್ಲಿ ಕೃಷಿಗೆ ಹೆಲಿಕಾಪ್ಟರ್ ಬಳಸುವುದು ದಿನನಿತ್ಯದ ಕೆಲಸ. ಎರಡನೆಯ ವಾಕ್ಯ ಮಾತ್ರ ಪೂರ್ತಿ ತಲೆಕೆಳಗು. ಹೆಲಿಕಾಪ್ಟರ್‌ಗೆ ಅತ್ಯಂತ ಅಪಾಯದ ಜಾಗ ಯಾವುದು ಎಂದು ಪೈಲಟ್‌ಗಳನ್ನು ಕೇಳಿದರೆ ಅವರು ಆಕಾಶದ ಎತ್ತರವನ್ನು ತೋರಿಸುವುದಿಲ್ಲ. ತೆಂಗಿನ ಮರದ ಎತ್ತರವನ್ನು ತೋರಿಸುತ್ತಾರೆ.

ಎಂಜಿನ್ ನಿಂತರೆ ಕಲ್ಲಿನಂತೆ ಬೀಳುತ್ತದೆಯೇ?

ಇದು ಇನ್ನೊಂದು ತಪ್ಪು ತಿಳಿವಳಿಕೆ. ಇದನ್ನು ಮೊದಲು ಬಿಡಿಸಿಕೊಂಡರೆ ಉಳಿದದ್ದು ಸಲೀಸಾಗಿ ಅರ್ಥವಾಗುತ್ತದೆ. “ವಿಮಾನಕ್ಕಾದರೆ ರೆಕ್ಕೆ ಇದೆ, ತೇಲಿಕೊಂಡು ಇಳಿಯುತ್ತದೆ, ಹೆಲಿಕಾಪ್ಟರ್‌ನ ಫ್ಯಾನ್ ನಿಂತರೆ ಕಥೆ ಮುಗಿಯಿತು” ಎಂದು ಹಲವರು ನಂಬಿದ್ದಾರೆ. ಆದರೆ ಎಂಜಿನ್ ನಿಂತರೂ ಫ್ಯಾನ್, ಅಂದರೆ ರೋಟರ್, ತಿರುಗುತ್ತಲೇ ಇರುವಂತೆ ಮಾಡಬಹುದು. ಮಹಾಗನಿ ಮರದ ಬೀಜ ಬೀಳುವುದನ್ನು ನೋಡಿದ್ದೀರಾ? ಒಂದೇ ರೆಕ್ಕೆಯ ಆ ಬೀಜ ಗಿರಗಿರ ತಿರುಗುತ್ತಾ ನಿಧಾನವಾಗಿ ಇಳಿಯುತ್ತದೆ. ಅದಕ್ಕೆ ಎಂಜಿನ್ ಎಲ್ಲಿದೆ? ಕೆಳಗಿನಿಂದ ಮೇಲಕ್ಕೆ ನುಗ್ಗುವ ಗಾಳಿಯೇ ಅದನ್ನು ತಿರುಗಿಸುತ್ತದೆ. ಹೆಲಿಕಾಪ್ಟರ್ ಕೂಡ ಹೀಗೆಯೇ ಇಳಿಯಬಲ್ಲದು. ಇದಕ್ಕೆ ಆಟೊರೊಟೇಶನ್ ಎಂಬ ಹೆಸರಿದೆ. ಪ್ರತಿ ಹೆಲಿಕಾಪ್ಟರ್ ಪೈಲಟ್ ಇದನ್ನು ಕಲಿತೇ ಲೈಸೆನ್ಸ್ ಪಡೆಯಬೇಕು.

ಎಂಜಿನ್ ಕೈಕೊಟ್ಟ ಕೂಡಲೇ ಪೈಲಟ್ ಎಡಗೈಯಲ್ಲಿರುವ ಸನ್ನೆಯನ್ನು ಕೆಳಕ್ಕೆ ಒತ್ತಿ ರೋಟರ್ ಅಲಗುಗಳ ಓರೆಯನ್ನು ಇಳಿಸುತ್ತಾರೆ. ಹೆಲಿಕಾಪ್ಟರ್ ಕೆಳಗಿಳಿಯಲು ತೊಡಗುತ್ತದೆ, ಕೆಳಗಿನ ಗಾಳಿ ರೋಟರನ್ನು ಗಿರಗಿಟ್ಲೆಯಂತೆ ತಿರುಗಿಸುತ್ತಾ ಇರುತ್ತದೆ. ನೆಲ ಹತ್ತಿರವಾದಾಗ ಮೂತಿಯನ್ನು ಮೇಲೆತ್ತಿ ವೇಗ ಕೊಲ್ಲುತ್ತಾರೆ. ಕೊನೆಯ ಕ್ಷಣದಲ್ಲಿ ಅಲಗುಗಳ ಓರೆಯನ್ನು ಮತ್ತೆ ಹೆಚ್ಚಿಸಿ, ರೋಟರ್‌ನಲ್ಲಿ ಉಳಿದಿರುವ ಸುತ್ತುವ ಶಕ್ತಿಯನ್ನೆಲ್ಲ ಒಂದೇ ಸಲ ಖರ್ಚು ಮಾಡಿ ಮೆತ್ತಗೆ ಕೂರಿಸುತ್ತಾರೆ. ಎಲ್ಲವೂ ಸರಿಯಾಗಿ ನಡೆದರೆ ಹೆಲಿಕಾಪ್ಟರ್‌ಗೆ ಗೀರೂ ಬೀಳುವುದಿಲ್ಲ.

ಆದರೆ ಇದಕ್ಕೆ ಎರಡು ಹಿಡಿಗಂಟುಗಳಲ್ಲಿ ಒಂದಾದರೂ ಕೈಯಲ್ಲಿರಬೇಕು: ಎತ್ತರ ಅಥವಾ ವೇಗ. ಎತ್ತರವಿದ್ದರೆ ಇಳಿಯುತ್ತಾ ರೋಟರ್ ಸುತ್ತು ಕೂಡಿಹಾಕಬಹುದು, ಜಾಗ ಹುಡುಕಬಹುದು. ಮುಂದಕ್ಕೆ ಹೋಗುವ ವೇಗವಿದ್ದರೆ ಆ ವೇಗವನ್ನೇ ರೋಟರ್‌ಗೆ ಕೊಡಬಹುದು. ಎರಡೂ ಇಲ್ಲದ ಜಾಗವೇ ಸಾವಿನ ಜಾಗ. ಪ್ರತಿ ಹೆಲಿಕಾಪ್ಟರ್‌ನ ಕೈಪಿಡಿಯಲ್ಲೂ ಎತ್ತರ ಮತ್ತು ವೇಗದ ಒಂದು ನಕ್ಷೆ ಇರುತ್ತದೆ. ಅದರಲ್ಲಿ ಗೆರೆ ಎಳೆದು ಮಬ್ಬು ಬಣ್ಣ ತುಂಬಿದ ಭಾಗದೊಳಗೆ ಇರಬೇಡಿ ಎಂದು ಸೂಚಿಸಿರುತ್ತಾರೆ. ಪೈಲಟ್‌ಗಳ ಬಾಯಲ್ಲಿ ಆ ಗೆರೆಗೆ ‘ಹೆಣದ ಗೆರೆ’ ಎಂಬರ್ಥದ ಹೆಸರೇ ಇದೆ. ಯಂತ್ರದಿಂದ ಯಂತ್ರಕ್ಕೆ ಲೆಕ್ಕ ಬದಲಾಗುತ್ತದೆ. ಸಣ್ಣ ಹೆಲಿಕಾಪ್ಟರ್ ನಿಂತಲ್ಲೇ ತೇಲುತ್ತಿದ್ದರೆ, ಸ್ಥೂಲವಾಗಿ ಮೂರ್ನಾಲ್ಕು ಮೀಟರ್‌ನಿಂದ ನೂರು ಮೀಟರ್ ಎತ್ತರದವರೆಗಿನ ಜಾಗವೆಲ್ಲ ಈ ಮಬ್ಬಿನೊಳಗೇ ಬರುತ್ತದೆ.

ಲೆಕ್ಕ ಹಾಕಿ ನೋಡೋಣ. 10 ಮೀಟರ್, ಅಂದರೆ ಮೂರಂತಸ್ತಿನ ಮನೆಯ ಎತ್ತರದಿಂದ ಯಾವುದೇ ಆಸರೆಯಿಲ್ಲದೆ ಬಿದ್ದ ವಸ್ತು ಸುಮಾರು 1.4 ಸೆಕೆಂಡಿನಲ್ಲಿ, ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ರೋಟರ್ ಒಮ್ಮೆಲೇ ನಿಲ್ಲುವುದಿಲ್ಲವಾದ್ದರಿಂದ ಹೆಲಿಕಾಪ್ಟರ್ ಬೀಳುವುದು ಇದಕ್ಕಿಂತ ನಿಧಾನ ಎಂದೇ ಇಟ್ಟುಕೊಳ್ಳಿ. ಆದರೂ ‘ಎಂಜಿನ್ ನಿಂತಿತು’ ಎಂದು ಮೆದುಳಿಗೆ ಹೊಳೆಯುವುದಕ್ಕೇ ಒಂದು ಸೆಕೆಂಡು ಬೇಕು. ಉಳಿದ ಕೆಲಸಕ್ಕೆ ಸಮಯವೆಲ್ಲಿ? 500 ಮೀಟರ್ ಎತ್ತರದಲ್ಲಿದ್ದವರಿಗೆ ಎಂಜಿನ್ ಕೈಕೊಡುವುದು ಒಂದು ಸಮಸ್ಯೆ ಮಾತ್ರ. 10 ಮೀಟರ್ ಎತ್ತರದಲ್ಲಿದ್ದವರಿಗೆ ಅದು ಬಹುಮಟ್ಟಿಗೆ ತೀರ್ಪು.

ಹಾಗಾದರೆ ಮೇಲೆ ಹಾರಬಾರದೇಕೆ?

ಈ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಇರುವುದು ಔಷಧಿಯ ಹನಿಯಲ್ಲಿ.

ಸಿಂಪಡಣೆಯ ಸಣ್ಣ ಹನಿಗಳು ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗದಷ್ಟು ದಪ್ಪ ಇರುತ್ತವೆ ಎಂದಿಟ್ಟುಕೊಳ್ಳೋಣ. ಅಂಥ ಹನಿ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಕಾಲು ಮೀಟರಿನಂತೆ ಇಳಿಯುತ್ತದೆ. 3 ಮೀಟರ್ ಎತ್ತರದಿಂದ ಬಿಟ್ಟರೆ ನೆಲ ಮುಟ್ಟಲು 12 ಸೆಕೆಂಡು. ಅಷ್ಟರಲ್ಲಿ ಗಂಟೆಗೆ 10 ಕಿಲೋಮೀಟರ್ ವೇಗದ ತಂಗಾಳಿ ಅದನ್ನು ಮೂವತ್ತು ಮೀಟರ್‌ನಷ್ಟು ಪಕ್ಕಕ್ಕೆ ಒಯ್ದಿರುತ್ತದೆ. 15 ಮೀಟರ್ ಎತ್ತರದಿಂದ ಬಿಟ್ಟರೆ ಒಂದು ನಿಮಿಷ ಬೇಕು. ಅದೇ ಗಾಳಿ ನೂರೈವತ್ತು ಮೀಟರ್ ದಾಟಿಸಿರುತ್ತದೆ. ಅಂದರೆ ನಿಮ್ಮ ಹೊಲಕ್ಕೆ ಹೊಡೆದ ಔಷಧಿ ಪಕ್ಕದ ಹೊಲವನ್ನೂ ದಾಟಿ ಅದರಾಚೆಯ ಮನೆಯ ಬಾವಿಗೆ ಬೀಳುತ್ತದೆ. ಹೆಲಿಕಾಪ್ಟರ್‌ನ ಕೆಳಗಾಳಿ ಹನಿಗಳನ್ನು ಸ್ವಲ್ಪ ಒತ್ತಿ ಇಳಿಸುತ್ತದೆ ನಿಜ, ಆದರೆ ಅದು ನಿಧಾನ ಹಾರಾಟದಲ್ಲಿ ಮಾತ್ರ. ವೇಗ ಹೆಚ್ಚಾದಂತೆ ಆ ಗಾಳಿ ಎರಡೂ ಬದಿ ಸುಳಿಗಳಾಗಿ ಸುತ್ತಿಕೊಂಡು ಸಣ್ಣ ಹನಿಗಳನ್ನು ಮತ್ತೆ ಮೇಲಕ್ಕೇ ಎತ್ತುತ್ತದೆ. “ಹೆಲಿಕಾಪ್ಟರ್ ಗಾಳಿಗೆ ಎಲೆಯ ಕೆಳಭಾಗಕ್ಕೂ ಔಷಧಿ ಅಂಟುತ್ತದೆ” ಎಂಬ ಮಾತು ಅರ್ಧ ಮಾತ್ರ ಸತ್ಯ ಎನ್ನುವುದು ಇದಕ್ಕೇ.

ಹಾಗಾಗಿ ಇಲ್ಲೊಂದು ಇಕ್ಕಟ್ಟಿದೆ. ಮೇಲೆ ಹಾರಿದರೆ ಪೈಲಟ್ ಕ್ಷೇಮ, ಕೆಳಗಿನ ಜನರಿಗೆ ವಿಷ. ಕೆಳಗೆ ಹಾರಿದರೆ ಜನರಿಗೆ ಒಳ್ಳೆಯದು, ಪೈಲಟ್‌ನ ತಲೆಯ ಮೇಲೆ ಕತ್ತಿ. ಈ ಕೆಲಸದಲ್ಲಿರುವವರು ಪ್ರತಿ ಸಲ ಎರಡನೆಯದನ್ನು ಆರಿಸಿಕೊಳ್ಳಬೇಕು. ವಿಡಿಯೊ ನೋಡಿ “ಪುಂಡಾಟ” ಎಂದು ಬೈಯುವವರಿಗೂ ನಾವು ಇದನ್ನೇ ಹೇಳುವುದು.

ಸಿಂಪಡಣೆ ಮಾತ್ರವಲ್ಲ, ಬೇರೆ ಕೃಷಿ ಕೆಲಸಗಳಲ್ಲೂ ತಗ್ಗಿನಲ್ಲೇ ಇರಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಚೆರ್ರಿ ಕೊಯ್ಲಿಗೆ ಮುಂಚೆ ಮಳೆ ಬಂದರೆ ಹಣ್ಣು ನೀರು ಹೀರಿ ಬಿರಿಯುತ್ತದೆ. ಆ ನೀರು ಕೊಡವಲು ಮರದ ನೆತ್ತಿಯ ಮೇಲೆ ಹೆಲಿಕಾಪ್ಟರ್ ತೇಲಿಸುತ್ತಾರೆ. ತೋಟ ಒದರುತ್ತಿದ್ದ ಆ ವಿಡಿಯೊದ ಗುಟ್ಟು ಇದು. ನ್ಯೂಜಿಲೆಂಡಿನ ದ್ರಾಕ್ಷಿ ತೋಟಗಳಲ್ಲಿ ಚಿಗುರು ಹಿಮಕ್ಕೆ ಕರಕಲಾಗದಂತೆ, ನಸುಕಿನ ಕತ್ತಲಲ್ಲಿ ಮೇಲಿನ ಬೆಚ್ಚನೆಯ ಗಾಳಿಯನ್ನು ರೋಟರ್‌ನಿಂದ ಕೆಳಕ್ಕೆ ತಳ್ಳುತ್ತಾರೆ. ಎರಡೂ ನಿಂತಲ್ಲೇ ತೇಲುವ ಕೆಲಸಗಳು. ಅಂದರೆ ಆ ಮಬ್ಬು ಬಣ್ಣದ ನಟ್ಟನಡುವೆ ಗಂಟೆಗಟ್ಟಲೆ ಇರುವುದು.

ತಂತಿ: ಗೊತ್ತಿದ್ದೂ ತಗಲುವುದು ಹೇಗೆ?

ಎಂಜಿನ್ ಕೈಕೊಡುವುದು ಅಪರೂಪ. ತಗ್ಗಿನ ಹಾರಾಟದಲ್ಲಿ ಪೈಲಟ್‌ಗಳು ಅದಕ್ಕಿಂತ ಹೆಚ್ಚು ಹೆದರುವುದು ಕರೆಂಟ್ ತಂತಿಗೆ.

ಒಂದು ಸೆಂಟಿಮೀಟರ್ ದಪ್ಪದ ತಂತಿ ನೂರು ಮೀಟರ್ ದೂರದಿಂದ ಎಷ್ಟು ದಪ್ಪ ಕಾಣುತ್ತದೆ ಗೊತ್ತೇ? ಕೈ ಚಾಚಿ ಎರಡು ಬೆರಳ ನಡುವೆ ಹಿಡಿದ ಒಂದೇ ಒಂದು ತಲೆಗೂದಲಿನಷ್ಟು. ಹಿಂದೆ ನೀಲಿ ಆಕಾಶವಿದ್ದರೆ ಹೇಗೋ ಕಂಡೀತು. ಹಿಂದೆ ಕಾಡು, ಗುಡ್ಡ, ಒಣಹುಲ್ಲು ಇದ್ದರೆ ಅದು ಇಲ್ಲವೇ ಇಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹಾರುತ್ತಿದ್ದರೆ ಆ ನೂರು ಮೀಟರ್ ಸವೆಯಲು ಬೇಕಾಗುವುದು ಮೂರೂವರೆ ಸೆಕೆಂಡು. ಕಂಡರೂ ಎಷ್ಟು ದೂರದಲ್ಲಿದೆ ಎಂದು ಕಣ್ಣು ಅಂದಾಜು ಮಾಡಲಾರದು. ಉದ್ದಕ್ಕೂ ಒಂದೇ ಥರ ಇರುವ ಗೆರೆಯಲ್ಲಿ ದೂರ ಅಳೆಯಲು ಬೇಕಾದ ಗುರುತುಗಳೇ ಇರುವುದಿಲ್ಲ. ಬೆಳಿಗ್ಗೆ ಪೂರ್ವದಿಂದ ಬರುವಾಗ ಮಿನುಗಿ ಕಂಡ ತಂತಿ, ತಿರುಗಿ ಪಶ್ಚಿಮದಿಂದ ಬರುವಾಗ ಕಾಣೆಯಾಗಿರುತ್ತದೆ. ಮಧ್ಯಾಹ್ನದ ಬಿಸಿಗೆ ತಂತಿ ಹಿಗ್ಗಿ ಬೆಳಿಗ್ಗೆ ಇದ್ದುದಕ್ಕಿಂತ ಕೆಳಗೆ ಜೋತಿರುತ್ತದೆ.

ಅದಕ್ಕೇ ಅನುಭವಿ ಪೈಲಟ್‌ಗಳು ತಂತಿಯನ್ನು ಹುಡುಕುವುದೇ ಇಲ್ಲ, ಕಂಬ ಹುಡುಕುತ್ತಾರೆ. ಕಂಬದ ಮೇಲಿನ ಪಿಂಗಾಣಿ ಬುಡ್ಡಿಗಳು ಯಾವ ದಿಕ್ಕಿಗೆ ಮುಖ ಮಾಡಿವೆ ನೋಡುತ್ತಾರೆ. ಒಂಟಿ ಮನೆ, ಪಂಪಿನ ಶೆಡ್ಡು ಕಂಡರೆ ಅಲ್ಲಿಗೆ ಕರೆಂಟ್ ಎಲ್ಲಿಂದ ಬಂದಿದೆ ಎಂದು ಕೇಳಿಕೊಳ್ಳುತ್ತಾರೆ. ಕಾಡಿನ ನಡುವೆ ನೇರವಾಗಿ ಮರ ಕಡಿದ ಓಣಿ ಇದ್ದರೆ ಅದರ ಮೇಲೆ ತಂತಿ ಇರಲೇಬೇಕು. ತಂತಿ ದಾಟಬೇಕಾದಾಗ ನಡುವೆ ದಾಟುವುದಿಲ್ಲ, ಕಂಬದ ನೆತ್ತಿಯ ಮೇಲೆಯೇ ದಾಟುತ್ತಾರೆ. ಕಂಬ ಕಣ್ಣಿಗೆ ಕಾಣುತ್ತದೆ, ತಂತಿಗಳಲ್ಲೆಲ್ಲ ಎತ್ತರದ ತಂತಿಯೂ ಅಲ್ಲೇ ಇರುತ್ತದೆ. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಇದೂ ಸುಲಭವಲ್ಲ. ಅಲ್ಲಿನ ಹಳ್ಳಿಗಾಡಿಗೆ ಖರ್ಚು ಉಳಿಸಲು ಒಂದೇ ತಂತಿಯಲ್ಲಿ ಕರೆಂಟ್ ಒಯ್ಯುವ ಪದ್ಧತಿ ಇದೆ. ಭೂಮಿಯೇ ಎರಡನೆಯ ತಂತಿಯ ಕೆಲಸ ಮಾಡುತ್ತದೆ. ಒಂಟಿ ತಂತಿ, ಕಂಬದಿಂದ ಕಂಬಕ್ಕೆ ಬಹಳ ಅಂತರ, ಕಂಬಗಳೂ ಮರದ ಮರೆಯಲ್ಲಿ.

ಕಾಣದ ತಂತಿಯ ಕಥೆ ಇಷ್ಟಾಯಿತು. ನಮಗೆ ನಿಜಕ್ಕೂ ಅಚ್ಚರಿಯೆನಿಸಿದ್ದು ಕಂಡ ತಂತಿಯ ಕಥೆ. ಆಸ್ಟ್ರೇಲಿಯದ ಸಾರಿಗೆ ಸುರಕ್ಷತಾ ತನಿಖಾ ಸಂಸ್ಥೆ 2001ರಿಂದ 2010ರವರೆಗಿನ ತಂತಿ ತಗಲಿದ ಅಪಘಾತಗಳನ್ನು ತೆಗೆದು ನೋಡಿತು. ವಿಮಾನ, ಹೆಲಿಕಾಪ್ಟರ್ ಎರಡೂ ಸೇರಿ ಒಟ್ಟು 180. ಅವುಗಳಲ್ಲಿ 100 ಕೃಷಿ ಹಾರಾಟದವು. ತಂತಿಗೆ ತಗಲಿದ ಪೈಲಟ್‌ಗಳಲ್ಲಿ ಶೇಕಡ 63 ಮಂದಿಗೆ ಅಲ್ಲಿ ತಂತಿ ಇದೆಯೆಂದು ಮೊದಲೇ ಗೊತ್ತಿತ್ತು!

ಗೊತ್ತಿದ್ದೂ ಹೇಗೆ? ನಿಮ್ಮ ಬೀದಿಯ ರೋಡ್ ಹಂಪ್ ನಿಮಗೆ ಗೊತ್ತು. ಆದರೂ ಮನಸ್ಸಿನಲ್ಲಿ ಬೇರೇನೋ ಓಡುತ್ತಿದ್ದಾಗ ಒಂದು ದಿನ ಅದರ ಮೇಲೆ ಧಡ್ಡನೆ ಹಾರಿಸಿರುತ್ತೀರಿ. ಪೈಲಟ್‌ನ ಮನಸ್ಸಿನಲ್ಲಿ ಆಗ ಓಡುತ್ತಿರುವುದು ಸಾಲು ತಪ್ಪದಂತೆ ಹಿಡಿದಿಡುವ ಜಿಪಿಎಸ್ ಗೆರೆ, ಗಾಳಿಯ ದಿಕ್ಕು, ಟ್ಯಾಂಕಿನಲ್ಲಿ ಉಳಿದ ಔಷಧಿ, ಬದುವಿನಾಚೆಯ ಮರ. ಹತ್ತಿಪ್ಪತ್ತು ಸಲ ತಂತಿಯ ಪಕ್ಕದಲ್ಲೇ ಸುರಕ್ಷಿತವಾಗಿ ಹೋಗಿ ಬಂದ ಮೇಲೆ ತಂತಿ ನೆನಪಿನಿಂದ ಜಾರುತ್ತದೆ. ಅದರಲ್ಲೂ ಕೆಟ್ಟದ್ದು ಕೊನೆಯ ಸುತ್ತು. ಹೊಲವೆಲ್ಲ ಮುಗಿದು ಅಂಚು, ಮೂಲೆ ಉಳಿದಿರುತ್ತದೆ. ಅಲ್ಲಿಯವರೆಗೆ ಉತ್ತರ-ದಕ್ಷಿಣ ಹಾರಿದವರು ಈಗ ಅಡ್ಡ ಹಾರುತ್ತಾರೆ. ತಂತಿಗಳು ಇರುವುದೂ ಹೊಲದ ಅಂಚಿನಲ್ಲೇ. ಹೀಗಾಗಿ “ಅನುಭವಿಗಳಿಗೆ ಅಪಘಾತ ಆಗಲ್ಲ” ಎಂಬ ಫಾರ್ವರ್ಡ್ ಮಾತನ್ನು ಈ ಅಂಕಿಯ ಮುಂದೆ ಇಟ್ಟು ನೋಡಿ.

ತಂತಿ ಕತ್ತರಿಸುವ ಉಪಕರಣವೂ ಇದೆ. ಹೆಲಿಕಾಪ್ಟರ್‌ನ ನೆತ್ತಿಯ ಮೇಲೆ ಮತ್ತು ಹೊಟ್ಟೆಯ ಕೆಳಗೆ ಕೊಂಬಿನಂತೆ ಚಾಚಿದ ಉಕ್ಕಿನ ಅಲಗುಗಳನ್ನು ಕೆಲವು ಚಿತ್ರಗಳಲ್ಲಿ ನೀವು ನೋಡಿರಬಹುದು. ಕೆನಡಾದ ಬ್ರಿಸ್ಟಲ್ ಏರೋಸ್ಪೇಸ್ ಕಂಪನಿ ತಂದದ್ದು. ಮುಂಗಾಜಿಗೆ ತಗಲಿದ ತಂತಿ ಜಾರಿ ಈ ಕತ್ತರಿಗೆ ಸಿಕ್ಕಿ ತುಂಡಾಗುತ್ತದೆ. ಆದರೆ ಇದು ಕೆಲಸ ಮಾಡಲು ಹೆಲಿಕಾಪ್ಟರ್‌ಗೆ ಸಾಕಷ್ಟು ವೇಗವಿರಬೇಕು, ತಂತಿ ಹೆಚ್ಚುಕಡಿಮೆ ನೇರವಾಗಿ ಎದುರಾಗಬೇಕು. ಬಾಲದ ರೋಟರ್‌ಗೋ ಕೆಳಗಿನ ಕಾಲುಕಂಬಿಗೋ ಸಿಕ್ಕಿಕೊಂಡ ತಂತಿಗೆ ಇದರಿಂದ ಉಪಯೋಗ ಕಡಿಮೆ.

ದನ ಅಟ್ಟುವ ಹೆಲಿಕಾಪ್ಟರ್

ಆಸ್ಟ್ರೇಲಿಯದ ಉತ್ತರ ಭಾಗದ ಗೋಮಾಳಗಳು ನಮ್ಮ ಕಲ್ಪನೆಗೆ ಮೀರಿದವು. ಒಂದೊಂದು ಸಾವಿರಾರು ಚದರ ಕಿಲೋಮೀಟರ್. ಕುರುಚಲು ಕಾಡಿನಲ್ಲಿ ಚದುರಿದ ಸಾವಿರಾರು ದನಗಳನ್ನು ಕುದುರೆಯ ಮೇಲೆ ಹೋಗಿ ಒಟ್ಟು ಮಾಡಲು ವಾರಗಳೇ ಬೇಕು. ಹೆಲಿಕಾಪ್ಟರ್ ಕೆಲವೇ ದಿನಗಳಲ್ಲಿ ಮುಗಿಸುತ್ತದೆ. ಇದಕ್ಕೆ ಹೆಚ್ಚಾಗಿ ಬಳಸುವುದು ರಾಬಿನ್ಸನ್ ಆರ್-22 ಎಂಬ ಪುಟ್ಟ ಯಂತ್ರ: ಎರಡೇ ಸೀಟು, ಎರಡೇ ಅಲಗಿನ ರೋಟರ್, ಖಾಲಿ ತೂಕ ಸುಮಾರು 400 ಕಿಲೋ. ಅಗ್ಗ, ಚುರುಕು. ಆದರೆ ಹಗುರವಾದ ರೋಟರ್‌ನಲ್ಲಿ ಕೂಡಿಟ್ಟ ಸುತ್ತುಶಕ್ತಿಯೂ ಕಡಿಮೆ. ಎಂಜಿನ್ ನಿಂತರೆ ಪೈಲಟ್ ಸನ್ನೆ ಇಳಿಸಲು ಒಂದೆರಡು ಸೆಕೆಂಡಿಗಿಂತ ಹೆಚ್ಚು ಸಮಯ ಇರುವುದಿಲ್ಲ. ಈ ಕಂಪನಿಯ ಆರ್-22, ಆರ್-44 ಹಾರಿಸುವವರಿಗೆಂದೇ ಅಮೆರಿಕದ ವಿಮಾನಯಾನ ಆಡಳಿತ 1995ರಲ್ಲಿ ಪ್ರತ್ಯೇಕ ತರಬೇತಿ ನಿಯಮ ತಂದಿತು. ಬಿದ್ದ ಮೇಲೆ ಹೊತ್ತಿಕೊಳ್ಳುವ ಬೆಂಕಿಯೂ ದೊಡ್ಡ ಚಿಂತೆಯಾಗಿತ್ತು. ಆರ್-44ರ ಇಂಧನ ಟ್ಯಾಂಕಿನೊಳಗೆ ಒಡೆಯದ ಮೆತ್ತನೆಯ ಚೀಲ ಹಾಕಿಸುವುದನ್ನು ಆಸ್ಟ್ರೇಲಿಯ 2013ರಲ್ಲಿ ಕಡ್ಡಾಯ ಮಾಡಿತು.

ದನ ಅಟ್ಟುವಾಗ ಪೈಲಟ್‌ನ ಕಣ್ಣು ದನದ ಮೇಲಿರುತ್ತದೆ. ಹೋರಿಯೊಂದು ಹಿಂಡಿನಿಂದ ತಪ್ಪಿಸಿಕೊಂಡು ತಿರುಗಿ ಓಡಿದರೆ ಹೆಲಿಕಾಪ್ಟರ್ ಕೂಡ ಗಕ್ಕನೆ ತಿರುಗಬೇಕು. ಅಪಾಯ ಇರುವುದು ಆ ತಿರುವಿನಲ್ಲಿ. ನೆಲದ ಮೇಲಿನ ದನವನ್ನು ನೋಡುತ್ತಾ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದೇನೆ ಎಂದು ಪೈಲಟ್‌ಗೆ ಅನ್ನಿಸುತ್ತದೆ. ಆದರೆ ಹಿಂದಿನಿಂದ 30 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದ್ದರೆ ರೋಟರ್‌ಗೆ ಸಿಗುವುದು 10 ಕಿಲೋಮೀಟರ್ ವೇಗದ ಗಾಳಿ ಮಾತ್ರ. ಹೆಲಿಕಾಪ್ಟರ್ ಮಟ್ಟಿಗೆ ಅದು ನಿಂತಂತೆಯೇ ಲೆಕ್ಕ. ತೇಲಿ ನಿಲ್ಲಲು ಬೇಕಾಗುವ ಶಕ್ತಿ ಮುಂದಕ್ಕೆ ಹಾರಲು ಬೇಕಾದ್ದಕ್ಕಿಂತ ಬಹಳ ಹೆಚ್ಚು. ಎಂಜಿನ್ ಬಳಿ ಅಷ್ಟು ಶಕ್ತಿ ಉಳಿದಿಲ್ಲದಿದ್ದರೆ ಹೆಲಿಕಾಪ್ಟರ್ ಕುಸಿಯುತ್ತದೆ. ಕುಸಿಯುತ್ತಾ ತಾನೇ ಕೆಳಕ್ಕೆ ತಳ್ಳಿದ ಗಾಳಿಯ ಸುಳಿಯೊಳಗೆ ಸಿಕ್ಕಿಬಿದ್ದರೆ, ಶಕ್ತಿ ಹೆಚ್ಚಿಸಿದಷ್ಟೂ ಸುಳಿ ಬಲವಾಗುತ್ತದೆ. ಬಾವಿಯ ಕೆಸರಿನಲ್ಲಿ ಒದ್ದಾಡಿದಷ್ಟೂ ಹೂತುಹೋಗುವ ಹಾಗೆ. ಇದರಿಂದ ಪಾರಾಗುವ ದಾರಿ ಮುಂದಕ್ಕೋ ಪಕ್ಕಕ್ಕೋ ಸರಿದು ಹೊಸ ಗಾಳಿಗೆ ಹೋಗುವುದು. ಅದಕ್ಕೂ ಒಂದಿಷ್ಟು ಎತ್ತರ ಕಳೆದುಕೊಳ್ಳಲೇಬೇಕು. ಇಪ್ಪತ್ತು ಮೀಟರಿನಲ್ಲಿ ಹಾರುವವರ ಬಳಿ ಕಳೆದುಕೊಳ್ಳಲು ಏನಿದೆ?

ನ್ಯೂಜಿಲೆಂಡಿನಲ್ಲಿ 1960ರಿಂದ 80ರ ದಶಕದವರೆಗೆ ನಡೆದದ್ದು ಇನ್ನೂ ಭಂಡ ಧೈರ್ಯದ ಕೆಲಸ. ಕಾಡು ಜಿಂಕೆಗಳನ್ನು ಮೊದಮೊದಲು ಹೆಲಿಕಾಪ್ಟರ್‌ನಿಂದ ಗುಂಡಿಕ್ಕಿ ಕೊಲ್ಲುತ್ತಿದ್ದರು. ಆಮೇಲೆ ಸಾಕಣೆಗೆ ಜೀವಂತ ಜಿಂಕೆಗೆ ಬೆಲೆ ಬಂದಾಗ, ತೇಲುತ್ತಿರುವ ಹೆಲಿಕಾಪ್ಟರ್‌ನಿಂದ ಜಿಂಕೆಯ ಬೆನ್ನಿಗೇ ಹಾರಿ ಹಿಡಿಯುತ್ತಿದ್ದರು. ಅಲ್ಲಿನ ಇಂದಿನ ಜಿಂಕೆ ಸಾಕಣೆ ಉದ್ಯಮ ಶುರುವಾದದ್ದು ಹೀಗೆ. ಅದಕ್ಕೆ ಹಲವಾರು ಪೈಲಟ್‌ಗಳ, ಹಿಡಿಯುವವರ ಪ್ರಾಣವೇ ಬೆಲೆಯಾಯಿತು.

ಭಾರ, ಬಿಸಿಲು, ದಣಿವು

ಸಿಂಪಡಣೆಗೆ ಹೊರಟ ಹೆಲಿಕಾಪ್ಟರ್ ಟ್ಯಾಂಕ್ ತುಂಬಿದ ಕ್ಷಣದಲ್ಲಿ ಅತ್ಯಂತ ಭಾರವಾಗಿರುತ್ತದೆ. ಬಿಸಿಲು ಏರಿದಂತೆ ಗಾಳಿ ತೆಳುವಾಗಿ ರೋಟರ್‌ಗೂ ಎಂಜಿನ್‌ಗೂ ಹಿಡಿತ ಕಡಿಮೆ. ಬೆಳಿಗ್ಗೆ ಆರಕ್ಕೆ ಸಲೀಸಾಗಿ ಎತ್ತಿದ ಭಾರವನ್ನು ಅದೇ ಯಂತ್ರ ಮಧ್ಯಾಹ್ನ ಹನ್ನೆರಡಕ್ಕೆ ಎತ್ತಲು ಏದುಸಿರು ಬಿಡುತ್ತದೆ. ಒಂದು ಲೋಡ್ ಖಾಲಿಯಾಗಲು ಕೆಲವೇ ನಿಮಿಷ. ಇಳಿ, ತುಂಬು, ಏಳು, ಹೀಗೆ ದಿನಕ್ಕೆ ಹತ್ತಾರು ಸಲ. ಹಾಗಾಗಿ ದಣಿವೂ ಸೇರಿಕೊಳ್ಳುತ್ತದೆ. ಸಾವಯವ ರಂಜಕದ ಗುಂಪಿನ ಕೀಟನಾಶಕಗಳಾದರೆ ಇನ್ನೊಂದು ಕಾಟ: ಮೈಗೆ ಸೇರಿದರೆ ನರಗಳ ನಡುವಿನ ಸಂದೇಶ ನಿಯಂತ್ರಿಸುವ ಕಿಣ್ವವನ್ನೇ ಅವು ಕಟ್ಟಿಹಾಕುತ್ತವೆ. ಕಣ್ಣಿನ ಪಾಪೆ ಕಿರಿದಾಗಿ ದೃಷ್ಟಿ ಮಂಕಾಗುತ್ತದೆ, ತಲೆ ಸುತ್ತುತ್ತದೆ. ಕೂದಲಿನಷ್ಟು ತೆಳುವಾದ ತಂತಿ ಹುಡುಕಬೇಕಾದ ಕಣ್ಣಿಗೆ ಇದು ಬೇಕೇ?

ನಮ್ಮ ಕಡೆ ಏನು?

“ಇದೆಲ್ಲ ವಿದೇಶದ ಮಾತು” ಎನ್ನಬೇಡಿ. ಕೇರಳದ ರಬ್ಬರ್ ತೋಟಗಳಲ್ಲಿ ಮಳೆಗಾಲದ ಎಲೆ ಉದುರುವ ರೋಗಕ್ಕೆ ತಾಮ್ರದ ಔಷಧಿಯನ್ನು ಎಣ್ಣೆಯಲ್ಲಿ ಕಲಸಿ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ್ದಾರೆ. 2020ರಲ್ಲಿ ಮಿಡತೆ ಹಿಂಡು ಬಂದಾಗ, ಜೂನ್ ಕೊನೆಗೆ ಕೇಂದ್ರ ಸರ್ಕಾರ ರಾಜಸ್ಥಾನದ ಬಾಡಮೇರ್ ಕಡೆ ಒಂದು ಬೆಲ್ 206 ಹೆಲಿಕಾಪ್ಟರ್ ಇಳಿಸಿತು. ಒಂದು ಸಲಕ್ಕೆ 250 ಲೀಟರ್ ಔಷಧಿ ಹೊರುವಂಥದ್ದು.

ಕನ್ನಡಿಗರಿಗೆ ಮರೆಯಲಾಗದ ಉದಾಹರಣೆ ಗಡಿಯಲ್ಲೇ ಇದೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಕೇರಳ ಪ್ಲಾಂಟೇಶನ್ ನಿಗಮ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಸಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತಮುತ್ತ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳಲ್ಲೂ ಅದೇ ನಡೆಯಿತು. ಅಂಗವೈಕಲ್ಯದಿಂದ ಹುಟ್ಟುವ ಕರುಗಳ ಬಗ್ಗೆ ಬಹಳ ಮೊದಲೇ ಬರೆದು ಎಚ್ಚರಿಸಿದವರಲ್ಲಿ ಕೃಷಿ ಪತ್ರಕರ್ತ ಶ್ರೀಪಡ್ರೆ ಒಬ್ಬರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ದೇಶದಾದ್ಯಂತ ನಿಲ್ಲಿಸಿತು. ಅಲ್ಲಿನ ನೆಲ ಗುಡ್ಡ-ಕಣಿವೆ, ನಡುನಡುವೆ ಎತ್ತರದ ಮರ, ತೋಟದ ಮಗ್ಗುಲಲ್ಲೇ ಮನೆ, ತೆರೆದ ಬಾವಿ, ಸುರಂಗದ ನೀರು. ಇಂಥ ಜಾಗದಲ್ಲಿ ಎರಡು-ಮೂರು ಮೀಟರ್ ಎತ್ತರದಲ್ಲಿ ಹಾರಲು ಯಾವ ಪೈಲಟ್‌ಗೂ ಸಾಧ್ಯವಿಲ್ಲ. ಮೇಲಿನಿಂದ ಹೊಡೆದರೆ ಹನಿ ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕ ಆಗಲೇ ನೋಡಿದೆವು. ಪೈಲಟ್‌ನ ಅಪಾಯ ಮತ್ತು ಜನರ ಅಪಾಯ ಎರಡನ್ನೂ ಒಟ್ಟಿಗೆ ಕಡಿಮೆ ಮಾಡಲಾಗದ ನೆಲದಲ್ಲಿ ಆಕಾಶದಿಂದ ಸಿಂಪಡಿಸಲೇಬಾರದು ಎಂಬುದು ನಮ್ಮ ಅಭಿಪ್ರಾಯ.

ಈಗ ಡ್ರೋನ್ ಬಂದಿದೆ. ಪೈಲಟ್ ಬದುವಿನ ಮೇಲೆ ನಿಂತಿರುತ್ತಾರೆ, ಹಾಗಾಗಿ ಅವರ ಜೀವದ ಪ್ರಶ್ನೆ ಬಹುಪಾಲು ಬಗೆಹರಿದಿದೆ. ಹನಿಯ ಲೆಕ್ಕ ಮಾತ್ರ ಬದಲಾಗಿಲ್ಲ, ಗಾಳಿಗೆ ಹೆಲಿಕಾಪ್ಟರೂ ಒಂದೇ, ಡ್ರೋನೂ ಒಂದೇ. ತಂತಿಯ ಕಾಟವೂ ಹಾಗೇ ಇದೆ.

ನೀವು ಕೆಳಗೆ ನಿಂತಿದ್ದರೆ

ಹೆಲಿಕಾಪ್ಟರ್ ತಗ್ಗಿನಲ್ಲಿ ಹಾರುವುದನ್ನು ನಮ್ಮವರು ಹೆಚ್ಚಾಗಿ ನೋಡುವುದು ಹೊಲದಲ್ಲಲ್ಲ, ಜಾತ್ರೆ-ಸಮಾವೇಶಗಳ ಪುಷ್ಪವೃಷ್ಟಿಯಲ್ಲಿ. ಅಲ್ಲಿಯೂ ಯಂತ್ರ ಅದೇ ಮಬ್ಬು ಜಾಗದಲ್ಲಿ ತೇಲುತ್ತಿರುತ್ತದೆ, ಕೆಳಗೆ ಮಾತ್ರ ಸಾವಿರಾರು ಜನ. ಮೊಬೈಲ್ ಎತ್ತಿ ನೇರ ಅದರ ಅಡಿಗೇ ಓಡುವವರನ್ನು ಕಂಡರೆ ನಮಗೆ ದಿಗಿಲಾಗುತ್ತದೆ. ಶಾಮಿಯಾನ, ತಗಡು, ಬ್ಯಾನರ್ ಕಂಬ ಯಾವುದನ್ನಾದರೂ ಕೆಳಗಾಳಿ ಕಿತ್ತು ಎಸೆಯಬಲ್ಲದು. ವಿಡಿಯೊ ಬೇಕಿದ್ದರೆ ದೂರದಿಂದ, ಪಕ್ಕದಿಂದ ತೆಗೆಯಿರಿ.

ನೆಲಕ್ಕಿಳಿದ ಹೆಲಿಕಾಪ್ಟರ್ ಕೂಡ ಸುಮ್ಮನಲ್ಲ. ಬಾಲದ ಚಿಕ್ಕ ರೋಟರ್ ಆರ್-22ರಲ್ಲಿ ನಿಮಿಷಕ್ಕೆ 3000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಹಾಗಾಗಿ ಅದು ಕಣ್ಣಿಗೇ ಕಾಣುವುದಿಲ್ಲ. ಹಿಂದಿನಿಂದ ಎಂದೂ ಹತ್ತಿರ ಹೋಗಬೇಡಿ. ಪೈಲಟ್ ನೋಡಿ ಸನ್ನೆ ಮಾಡಿದ ಮೇಲೆ ಮುಂಭಾಗದಿಂದ, ಬಗ್ಗಿಕೊಂಡು ಹೋಗಿ. ಇಳಿಜಾರಿನಲ್ಲಿ ನಿಂತಿದ್ದರೆ ತಗ್ಗಿನ ಕಡೆಯಿಂದಲೇ ಹೋಗಬೇಕು. ಮೇಲಿನ ಕಡೆಯಿಂದ ಇಳಿದು ಬಂದರೆ ತಿರುಗುವ ಅಲಗು ತಲೆಯ ಮಟ್ಟಕ್ಕೇ ಇರುತ್ತದೆ.

ನಿಮ್ಮ ಊರಿನಲ್ಲಿ ಆಕಾಶದಿಂದ ಔಷಧಿ ಹೊಡೆಯುತ್ತಾರೆಂದಾದರೆ ಒಂದು ನಿಯಮ ತಿಳಿದಿರಲಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ವೈಮಾನಿಕ ಸಿಂಪಡಣೆಗೆ ಕನಿಷ್ಠ 24 ಗಂಟೆ ಮೊದಲು ಸಾರ್ವಜನಿಕರಿಗೆ ತಿಳಿಸಬೇಕು, ಜಾಗ ಗುರುತು ಮಾಡಬೇಕು, ಕೆಲಸಕ್ಕೆ ಸಂಬಂಧವಿಲ್ಲದ ಜನ-ಜಾನುವಾರು ಒಳಗೆ ಹೋಗದಂತೆ ತಡೆಯಬೇಕು. ತಿಳಿಸದಿದ್ದರೆ ಕೇಳಿ, ಕೇಳುವ ಹಕ್ಕು ನಿಮಗಿದೆ. ತಿಳಿಸಿದ್ದರೆ ಬಾವಿ ಮುಚ್ಚಿ, ಒಣಹಾಕಿದ ಬಟ್ಟೆ ಒಳಗೆ ತನ್ನಿ, ಮೇವನ್ನು ಮಾಡಿನಡಿಗೆ ಸೇರಿಸಿ, ಜೇನುಪೆಟ್ಟಿಗೆ ಇದ್ದರೆ ಹಿಂದಿನ ಸಂಜೆಯೇ ಸಾಗಿಸಿ. ಹೊಲ ನಿಮ್ಮದೇ ಆಗಿದ್ದರೆ, ಹೆಲಿಕಾಪ್ಟರ್ ಇರಲಿ ಡ್ರೋನ್ ಇರಲಿ, ಹಾರಿಸುವವರಿಗೆ ಮೊದಲೇ ಒಂದು ಕಾಗದದಲ್ಲಿ ಕೈಯಿಂದಲೇ ನಕ್ಷೆ ಬರೆದುಕೊಡಿ: ಪಂಪ್‌ಸೆಟ್ ಲೈನ್ ಎಲ್ಲಿಂದ ಎಲ್ಲಿಗೆ ಹೋಗಿದೆ, ಟಿಸಿ ಎಲ್ಲಿದೆ, ಕಂಬಕ್ಕೆ ಎಳೆದು ಕಟ್ಟಿದ ಸ್ಟೇ ವೈರ್ ಯಾವ ಕಡೆ ಇದೆ, ಹಂದಿ ಕಾಟಕ್ಕೆ ಹಾಕಿದ ಬೇಲಿಯ ತಂತಿ ಎಷ್ಟು ಎತ್ತರಕ್ಕಿದೆ. ಕಳೆದ ತಿಂಗಳಷ್ಟೇ ಹೊಸದಾಗಿ ಎಳೆದ ತಂತಿ ಇದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಗುರುತಿಸಿ.